ಒಂದೇ ಸಂಬಳ, ಐದು ಜನ: ತುಮಕೂರಿನ ಒಂದು ಮನೆಯ ವರ್ಷದ ಲೆಕ್ಕ

ಮನೆ ತುಮಕೂರಿನ ಶಿರಾ ಗೇಟ್ ಕಡೆ, ಎರಡು ರೂಮಿನ ಬಾಡಿಗೆ ಮನೆ. ಗಂಡನಿಗೆ 36 ವರ್ಷ, ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್. ಹೆಂಡತಿಗೆ 31, ಪಿಯುಸಿ ಓದಿದ್ದಾರೆ, ಹೊರಗೆ ಕೆಲಸಕ್ಕೆ ಹೋಗುವುದಿಲ್ಲ. ಮಗಳು ಮೂರನೇ ಕ್ಲಾಸು, ಮಗ ಯುಕೆಜಿ. ಜೊತೆಗೆ ಗಂಡನ ತಾಯಿ. ಅವರಿಗೆ ಶುಗರ್, ಬಿಪಿ ಎರಡೂ ಇದೆ. ಸ್ವಂತ ಊರು ಕೊರಟಗೆರೆ ತಾಲೂಕಿನಲ್ಲಿ. ಅಲ್ಲಿನ ಪಾಲಿನ ಹೊಲದಿಂದ ವರ್ಷಕ್ಕೆ ಎರಡು ಚೀಲ ರಾಗಿ, ಒಂದಿಷ್ಟು ಹುಣಸೆಹಣ್ಣು ಬರುತ್ತದೆ. ದುಡ್ಡು ಅಂತ ಬರುವುದು ಗಂಡನ ಸಂಬಳ ಒಂದೇ.

ನಾನು ಇದೇ ಊರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. 2024ರ ಜುಲೈನಲ್ಲಿ ಇವರಿಬ್ಬರೂ 40,000 ರೂಪಾಯಿ ಸಾಲ ಕೇಳಿಕೊಂಡು ಬಂದರು. ಯಾಕೆ ಅಂದರೆ, ಒಂದು ಕೈಸಾಲ ತೀರಿಸಬೇಕು, ಒಡವೆ ಮೇಲಿನ ಬಡ್ಡಿ ಕಟ್ಟಬೇಕು. ಸಾಲ ತೀರಿಸಲು ಸಾಲ ಅಂದ ತಕ್ಷಣ ನಾನು ಅರ್ಜಿ ಪಕ್ಕಕ್ಕಿಟ್ಟು ಮನೆ ಲೆಕ್ಕ ಕೇಳಿದೆ. ಮುಂದೆ ಒಂದು ವರ್ಷ ಅವರ ಲೆಕ್ಕ ನೋಡುತ್ತಾ ಬಂದೆ. ಅವರು ಒಪ್ಪಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬಿಟ್ಟಿದ್ದೇನೆ. ಅಂಕಿಗಳಲ್ಲಿ ಚಿಲ್ಲರೆ ಬಿಟ್ಟಿದ್ದೇನೆ.

"ಕುಡಿಯೋದಿಲ್ಲ, ಸೇದೋದಿಲ್ಲ ಮೇಡಂ. ಹೋಟ್ಲಿಗೂ ಹೋಗಲ್ಲ. ಆದ್ರೂ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ," ಅಂದರು ಗಂಡ. ಹೆಂಡತಿ ಸುಮ್ಮನಿದ್ದರು. ಆಮೇಲೆ ಗೊತ್ತಾಯಿತು, ಆಕೆ ಗಂಡನ ಸಂಬಳದ ಚೀಟಿಯನ್ನು ಒಂದು ಸಲವೂ ನೋಡಿರಲಿಲ್ಲ. ತಿಂಗಳಿಗೆ ಇಷ್ಟು ಅಂತ ಕೈಗೆ ಕೊಡುತ್ತಿದ್ದರು, ಅದರಲ್ಲಿ ನಡೆಸುತ್ತಿದ್ದರು. ಮುಚ್ಚಿಡುವ ಉದ್ದೇಶವೇನೂ ಗಂಡನಿಗೆ ಇರಲಿಲ್ಲ. ಕೇಳಲಿಲ್ಲ, ಹೇಳಲಿಲ್ಲ, ಅಷ್ಟೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ?

ಏರಿದ ಸಂಬಳ ಕಳೆದದ್ದೇನು

ಸಂಬಳದ ಚೀಟಿಯಿಂದಲೇ ಶುರು ಮಾಡಿದೆವು. 2024ರ ಮಾರ್ಚ್‌ವರೆಗೆ ಒಟ್ಟು ಸಂಬಳ 20,600. ಏಪ್ರಿಲ್‌ನಿಂದ 23,000. ಪಿಎಫ್, ಕ್ಯಾಂಟೀನ್ ಕಳೆದು ಕೈಗೆ ಬರುವುದು ಮೊದಲು 18,475 ಇದ್ದದ್ದು 20,850 ಆಯಿತು. ತಿಂಗಳಿಗೆ 2,375 ಜಾಸ್ತಿ. ಮನೆಯಲ್ಲಿ ಹೋಳಿಗೆ ಮಾಡಿದ್ದರಂತೆ.

ಆದರೆ ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಗೆ, ಆಗ ಸಂಬಳದ ಮಿತಿ 21,000. ಅದನ್ನು ದಾಟಿದ್ದರಿಂದ ಏಪ್ರಿಲ್‌ನಿಂದ ಇಎಸ್‌ಐ ಕಡಿತ ನಿಂತಿತು. ಕಡಿತ ಆಗುತ್ತಿದ್ದದ್ದು ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ ಸುಮಾರು 155. ಅಷ್ಟಕ್ಕೆ ಐದೂ ಜನರಿಗೆ ಚಿಕಿತ್ಸೆ ಸಿಗುತ್ತಿತ್ತು. ಅತ್ತೆಯ ಮಾತ್ರೆಗಳು ಡಿಸ್ಪೆನ್ಸರಿಯಿಂದ ಬಿಟ್ಟಿ ಬರುತ್ತಿದ್ದವು. ಏಪ್ರಿಲ್‌ನಿಂದ ಅದನ್ನು ಮೆಡಿಕಲ್ ಸ್ಟೋರಿನಲ್ಲಿ ತರಲು ಶುರು ಮಾಡಿದರು, ತಿಂಗಳಿಗೆ 1,400. ಏರಿದ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತ್ರೆಗೇ ಹೋಯಿತು. ಇನ್ನೊಂದನ್ನು ಅವರು ಗಮನಿಸಿಯೇ ಇರಲಿಲ್ಲ. ದುಡಿಯುವವನೇ ಕಾಯಿಲೆ ಬಿದ್ದರೆ ಇಎಸ್‌ಐಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡ 70ರಷ್ಟು ಬರುತ್ತದೆ. ಒಂದೇ ಸಂಬಳದ ಮನೆಗೆ ಔಷಧಿಗಿಂತ ದೊಡ್ಡ ಆಸರೆ ಇದು. ಅದೂ ಹೋಯಿತು.

ಇಲ್ಲಿ ಒಂದು ಸಣ್ಣ ಲಾಭ ಸಿಕ್ಕಿತು. ಇಎಸ್‌ಐನಲ್ಲಿ ಹಣ ಕಟ್ಟುವ ಅವಧಿ ಬೇರೆ, ಸವಲತ್ತು ಸಿಗುವ ಅವಧಿ ಬೇರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜುಲೈಯಿಂದ ಡಿಸೆಂಬರ್ 31ರವರೆಗೆ ಸವಲತ್ತು ಇರುತ್ತದೆ. ಅಂದರೆ ಕಡಿತ ನಿಂತಿದ್ದರೂ 2024ರ ಕೊನೆವರೆಗೆ ಇವರಿಗೆ ಡಿಸ್ಪೆನ್ಸರಿ ಬಾಗಿಲು ತೆರೆದೇ ಇತ್ತು. ಯಾರೂ ಹೇಳಿರಲಿಲ್ಲ. ಮೂರು ತಿಂಗಳು ಸುಮ್ನೆ ಹೊರಗೆ ಕೊಂಡಿದ್ದರು.

ತಿಂಗಳ ಲೆಕ್ಕ

ಹೆಂಡತಿಯ ಹತ್ತಿರ ಪುಸ್ತಕ ಇರಲಿಲ್ಲ. ಆದರೆ ಅಡುಗೆಮನೆಯ ಕ್ಯಾಲೆಂಡರ್ ಇತ್ತು. ಪ್ರತಿ ತಾರೀಖಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಹಾಲಿನ ಲೆಕ್ಕ, ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸುತ್ತು, ವಾರದ ಕಂತು ಕಟ್ಟಿದ ದಿನಕ್ಕೆ ಒಂದು ಗೀಟು. ಅದನ್ನೇ ಬಿಚ್ಚಿಕೊಂಡು ಬಂದರು. ಎಷ್ಟೋ ಅಂಗಡಿಯವರ ಖಾತೆ ಪುಸ್ತಕಕ್ಕಿಂತ ಚೊಕ್ಕವಾಗಿತ್ತು.

ಬಾಡಿಗೆ 6,500. ದಿನಸಿ 3,800. ಹಾಲು 1,350. ತರಕಾರಿ, ಹಣ್ಣು 1,500. ಕೋಳಿ, ಮೊಟ್ಟೆ 900. ಗ್ಯಾಸ್ 600. ಬೈಕಿಗೆ ಪೆಟ್ರೋಲ್ 2,000. ಫೋನು, ಟಿವಿ 700. ಮಾತ್ರೆ 1,400. ಮಹಿಳಾ ಗುಂಪಿನಲ್ಲಿ ತೆಗೆದ ಸಾಲಕ್ಕೆ ವಾರಕ್ಕೆ 480, ತಿಂಗಳಿಗೆ ಸರಾಸರಿ 2,080. ಕೈಸಾಲದ ಬಡ್ಡಿ 900. ಸೋಪು, ಹೂವು, ಕಟಿಂಗು, ಮಕ್ಕಳ ತಿಂಡಿ 1,000. ಒಟ್ಟು 22,730. ಕರೆಂಟಿಗೆ ಗೃಹಜ್ಯೋತಿ ಇರುವುದರಿಂದ ಬಿಲ್ಲು ಸೊನ್ನೆ. ಕುಡಿಯುವ ನೀರು ಶುದ್ಧ ನೀರಿನ ಘಟಕದಿಂದ, ಅದು ಲೆಕ್ಕಕ್ಕೆ ಬಾರದಷ್ಟು.

ಬರುವುದು 20,850, ಹೋಗುವುದು 22,730. ತಿಂಗಳಿಗೆ 1,880 ಕಡಿಮೆ. ಓಟಿ, ಅಂದರೆ ಓವರ್‌ಟೈಮ್ ಕೆಲಸ, ಇದ್ದ ತಿಂಗಳು ಅದು ಸರಿಹೋಗುತ್ತಿತ್ತು. ಇಲ್ಲದ ತಿಂಗಳು ಅಂಗಡಿಯಲ್ಲಿ ಬಾಕಿ.

ಗಂಡ ತಕ್ಷಣ ದಿನಸಿ, ತರಕಾರಿ ಕಡೆ ಬೆರಳು ತೋರಿಸಿದರು. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಐದು ಜನರ ಊಟಕ್ಕೆ 3,800 ರೂಪಾಯಿ ದಿನಸಿ ಅಂದರೆ ಅದರಲ್ಲಿ ಹಿಂಡಲು ಏನೂ ಉಳಿದಿಲ್ಲ. ಆಕೆ ಆಗಲೇ ಹಿಂಡಿ ಆಗಿತ್ತು. ರಾಗಿ ಊರಿಂದ, ಹುಣಸೆ ಊರಿಂದ, ಬೇಳೆಕಾಳು ಮಂಡಿಪೇಟೆಯಲ್ಲಿ ಮೂರು ತಿಂಗಳಿಗೊಮ್ಮೆ ಸಗಟು. ಮೇಲಾಗಿ ಆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿತು, ಸನ್‌ಫ್ಲವರ್ ಎಣ್ಣೆ ದುಬಾರಿಯಾಯಿತು. ದಿನಸಿ ಇಳಿಯುವುದಿರಲಿ, ತಿಂಗಳಿಗೆ 250 ಏರಿತು.

ಲೆಕ್ಕದಲ್ಲೇ ಇಲ್ಲದ 86,700

ನನ್ನ ಪ್ರಕಾರ ಈ ಮನೆಯ ತೊಂದರೆ ತಿಂಗಳ ಖರ್ಚಿನಲ್ಲಿ ಇರಲೇ ಇಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚುಗಳಲ್ಲಿ ಇತ್ತು. ಅವು ಬರುತ್ತವೆ ಅಂತ ಎಲ್ಲರಿಗೂ ಗೊತ್ತು. ಯಾವ ತಿಂಗಳು ಅಂತಲೂ ಗೊತ್ತು. ಆದರೂ ಬಂದಾಗ ದಿಢೀರನೆ ಬಂದ ಹಾಗೆ ಒದ್ದಾಡುತ್ತೇವೆ.

ಅದೇ ಕ್ಯಾಲೆಂಡರಿನ ಹನ್ನೆರಡು ಹಾಳೆ ತಿರುವುತ್ತಾ ಹೋದೆವು. ಜೂನ್‌ನಲ್ಲಿ ಸ್ಕೂಲ್ ಫೀಸು, ಮಗಳಿಗೆ 22,000, ಮಗನಿಗೆ 18,000. ಪುಸ್ತಕ, ಯೂನಿಫಾರಂ, ಶೂ ಸೇರಿ 9,000. ಬೈಕಿನ ಇನ್ಶೂರೆನ್ಸ್, ಸರ್ವಿಸ್, ಟೈರು 4,500. ಯುಗಾದಿ, ಹೊಸ್ತೊಡಕು, ಊರ ಜಾತ್ರೆ, ಗೌರಿ ಗಣೇಶ, ದೀಪಾವಳಿ ಎಲ್ಲಾ ಸೇರಿ 12,000. ಜ್ವರ, ರಕ್ತ ಪರೀಕ್ಷೆ, ಹಲ್ಲುನೋವು ಅಂತ 6,000. ಒಡವೆ ಸಾಲದ ಬಡ್ಡಿ 7,200.

ಇನ್ನು ಮುಯ್ಯಿ. ಇದನ್ನು ಹೇಳಲು ಇಬ್ಬರಿಗೂ ಸಂಕೋಚ. "ನಮ್ಮ ಮದ್ವೆಗೆ ಮಾಡಿದೋರಿಗೆ ವಾಪಸ್ ಮಾಡ್ಲೇಬೇಕಲ್ಲ ಅಕ್ಕ, ಪಟ್ಟಿ ಇದೆ," ಅಂದರು ಹೆಂಡತಿ. ನಿಜವಾಗಿ ಪಟ್ಟಿ ಇತ್ತು, ಹಳೆ ನೋಟ್‌ಬುಕ್ಕಿನಲ್ಲಿ, ಯಾರು ಎಷ್ಟು ಅಂತ. ವರ್ಷಕ್ಕೆ 8,000. ಮುಯ್ಯಿ ದಂಡ ಅಂತ ಬರೆಯುವವರಿದ್ದಾರೆ. ನಾನು ಹಾಗೆ ಹೇಳಲಾರೆ. ನಾಳೆ ಇವರ ಮನೆಯಲ್ಲಿ ಏನಾದರೂ ಆದರೆ ಮೊದಲು ಕೈಹಿಡಿಯುವವರು ಆ ಪಟ್ಟಿಯಲ್ಲಿರುವವರೇ. ಮುಟ್ಟಲಿಲ್ಲ.

ಕೂಡಿದರೆ 86,700. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,225. ಮೊದಲಿನ 1,880 ಸೇರಿಸಿದರೆ ತಿಂಗಳಿಗೆ 9,105 ಕಡಿಮೆ. ಗಂಡ ಕ್ಯಾಲ್ಕುಲೇಟರ್ ಇಸ್ಕೊಂಡು ಮತ್ತೆ ಒತ್ತಿ ನೋಡಿದರು. ಅದೇ ಬಂತು.

ಇಷ್ಟು ದಿನ ಇದು ತುಂಬಿದ್ದು ಸಾಲದಿಂದ. 2023ರ ಜನವರಿಯಲ್ಲಿ ಮನೆ ಬದಲಿಸುವಾಗ ಅಡ್ವಾನ್ಸ್‌ಗೆ ಗುಂಪಿನ ಸಾಲ 40,000. ಆ ಜುಲೈನಲ್ಲಿ ಫೀಸಿಗೆ ಅಂತ ಖಾಸಗಿ ಫೈನಾನ್ಸಿನಲ್ಲಿ ಸರ, ಓಲೆ ಇಟ್ಟು 60,000. 2024ರ ಜೂನ್‌ನಲ್ಲಿ ಮತ್ತೆ ಫೀಸಿಗೆ ಕೈಸಾಲ 30,000, ನೂರಕ್ಕೆ ಮೂರು ಬಡ್ಡಿ. ನೂರಕ್ಕೆ ಮೂರು ಅಂದಾಗ ಕಡಿಮೆ ಅನ್ನಿಸುತ್ತದೆ. ವರ್ಷಕ್ಕೆ ಶೇಕಡ 36 ಅದು. ಒಂದು ವರ್ಷದ ಫೀಸಿನ ಬಡ್ಡಿ ಮುಂದಿನ ವರ್ಷದ ಹಾಲಿನ ದುಡ್ಡನ್ನು ತಿನ್ನುತ್ತಿತ್ತು.

ಏನು ಮಾಡಿದರು

ಮೊದಲು ಕೈಸಾಲ. ಇದಕ್ಕೆ ನಮ್ಮ ಸಂಘದಿಂದ ಹೊಸ ಸಾಲ ಬೇಕಾಗಲಿಲ್ಲ. ಒಡವೆ ಸಾಲದ ವರ್ಷ ಮುಗಿದಿತ್ತು. ಒಂದು ವರ್ಷದಲ್ಲಿ ಚಿನ್ನದ ಬೆಲೆ ಏರಿತ್ತು. ಆ ಜುಲೈ 23ರ ಬಜೆಟ್‌ನಲ್ಲಿ ಆಮದು ಸುಂಕ ಶೇಕಡ 15ರಿಂದ 6ಕ್ಕೆ ಇಳಿದು ಬೆಲೆ ಸ್ವಲ್ಪ ಬಿದ್ದಿತು, ಆದರೂ ಹಿಂದಿನ ವರ್ಷಕ್ಕಿಂತ ಮೇಲೇ ಇತ್ತು. ಚಿನ್ನದ ಬೆಲೆಯ ಶೇಕಡ 75ರವರೆಗೆ ಸಾಲ ಕೊಡಬಹುದು ಅನ್ನುವುದು ಆಗಿನ ರಿಸರ್ವ್ ಬ್ಯಾಂಕ್ ನಿಯಮ. ಅದೇ 22 ಗ್ರಾಂ ಒಡವೆಗೆ ಬ್ಯಾಂಕಿನಲ್ಲಿ ಶೇಕಡ 9ರ ಬಡ್ಡಿಗೆ 97,000 ಸಿಕ್ಕಿತು. ಹಳೆ ಒಡವೆ ಸಾಲ, ಅದರ ಬಡ್ಡಿ, ಕೈಸಾಲ ಮೂರೂ ತೀರಿದವು. ವರ್ಷಕ್ಕೆ 18,000 ಹೋಗುತ್ತಿದ್ದ ಬಡ್ಡಿ 8,730ಕ್ಕೆ ಇಳಿಯಿತು. ಒಡವೆ ಮೇಲೆ ಸಾಲ ಏರಿಸಿ ಅಂತ ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಶೇಕಡ 36ರ ಸಾಲ ಎದುರಿಗಿದ್ದಾಗ ಮಾತ್ರ ಹೇಳುತ್ತೇನೆ.

ಮಾತ್ರೆ ಡಿಸೆಂಬರ್‌ವರೆಗೆ ಇಎಸ್‌ಐನಲ್ಲಿ ಬಂತು. ಜನವರಿಯಿಂದ ಕೆಲವು ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಬಿಟ್ಟಿ, ಉಳಿದದ್ದು ಜನೌಷಧಿ ಅಂಗಡಿಯಲ್ಲಿ, ಒಟ್ಟು 450. ಜನೌಷಧಿ ಮಾತ್ರೆಯ ಬಣ್ಣ ಬೇರೆ ಅಂತ ಅತ್ತೆ ಒಂದು ವಾರ ನುಂಗಲಿಲ್ಲ. ಡಾಕ್ಟರು ಚೀಟಿ ನೋಡಿ ಅದೇ ಔಷಧಿ ಅಂತ ಹೇಳಿದ ಮೇಲೆ ಒಪ್ಪಿದರು. ಗಂಡ ಜನರಲ್ ಶಿಫ್ಟ್ ಇದ್ದಾಗ ಕಂಪನಿ ಬಸ್ಸಿಗೆ ಬದಲಾದರು. ಬಸ್ಸಿನ ಕಡಿತ ಸೇರಿ ಪೆಟ್ರೋಲಿನ 2,000 ಇಳಿದು 1,100 ಆಯಿತು.

ಇನ್ನು ಎರಡನೇ ಖಾತೆ. ಹೆಂಡತಿಯ ಹೆಸರಿನಲ್ಲಿ ಮೊದಲೇ ಒಂದು ಉಳಿತಾಯ ಖಾತೆ ಇತ್ತು. ಅದನ್ನು ವರ್ಷದ ಖರ್ಚಿಗೆ ಅಂತ ಇಟ್ಟುಕೊಂಡರು. ಅದಕ್ಕೆ ಫೋನ್‌ಪೇ ಜೋಡಿಸಬಾರದು ಅಂತ ಹಟ ಹಿಡಿದದ್ದು ಆಕೆಯೇ. ಸಂಬಳ ಬಂದ ದಿನ ಉಳಿಕೆ ಎಷ್ಟಿದೆಯೋ ಅಷ್ಟು ಅಲ್ಲಿಗೆ. ಓಟಿ ಮತ್ತು ಬೋನಸ್ ಪೂರ್ತಿ ಅಲ್ಲಿಗೆ. ಖಚಿತವಿಲ್ಲದ ದುಡ್ಡನ್ನು ತಿಂಗಳ ಲೆಕ್ಕಕ್ಕೆ ಸೇರಿಸಬಾರದು ಅನ್ನುವುದು ನಾನು ಹಾಕಿದ ಒಂದೇ ಷರತ್ತು. ಓಟಿ ಬಂದಾಗ ಖರ್ಚು ಏರುತ್ತದೆ, ನಿಂತಾಗ ಇಳಿಯುವುದಿಲ್ಲ.

ಗೃಹಲಕ್ಷ್ಮಿಯ 2,000 ಎಲ್ಲಿ ಅಂತ ಓದುವವರು ಕೇಳಬಹುದು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ದುಡ್ಡು ಅವರ ಖಾತೆಗೆ ಬರುತ್ತದೆ, ಒಮ್ಮೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ. ಅದರಲ್ಲಿ ಸ್ವಲ್ಪ ಮಧುಗಿರಿಯಲ್ಲಿರುವ ಮಗಳಿಗೆ ಕೊಡುತ್ತಾರೆ, ಸ್ವಲ್ಪ ಮೊಮ್ಮಕ್ಕಳಿಗೆ. ಸೊಸೆಗೆ ಒಳಗೊಳಗೇ ಬೇಸರ ಇತ್ತು. ಆ ದುಡ್ಡನ್ನು ಲೆಕ್ಕಕ್ಕೆ ತರಬೇಡಿ ಅಂತ ನಾನು ಖಂಡಿತವಾಗಿ ಹೇಳಿದೆ. ಯಾವ ತಿಂಗಳು ಬರುತ್ತದೆ ಅಂತ ಗೊತ್ತಿಲ್ಲದ್ದನ್ನು ನಂಬಿ ಬಾಡಿಗೆ ಕಟ್ಟಲಾಗದು. ಜೀವಮಾನದಲ್ಲಿ ಮೊದಲ ಸಲ ಆ ಅಜ್ಜಿಯ ಕೈಯಲ್ಲಿ ತನ್ನದು ಅನ್ನುವ ದುಡ್ಡು ಓಡಾಡುತ್ತಿದೆ, ಅದನ್ನೂ ನಾವು ಕಿತ್ತುಕೊಳ್ಳಬೇಕಾ?

ದುಡಿಯುವವನೇ ಇಲ್ಲವಾದರೆ ಏನು ಅನ್ನುವ ಮಾತನ್ನು ಯಾರೂ ಎತ್ತಲು ಇಷ್ಟಪಡುವುದಿಲ್ಲ. ಎತ್ತಿದೆ. ಪಿಎಫ್ ಸದಸ್ಯರಿಗೆ ಅದರ ಜೊತೆಯೇ ಒಂದು ವಿಮೆ ಇರುತ್ತದೆ, ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ಬರುತ್ತದೆ. ಇದು ಇಬ್ಬರಿಗೂ ಗೊತ್ತಿರಲಿಲ್ಲ. ನಾಮಿನಿ ಯಾರು ಅಂತ ನೋಡಿದರೆ, ತೀರಿಹೋದ ತಂದೆ. ಮದುವೆಗೆ ಮುಂಚೆ ಬರೆದದ್ದು, ಮದುವೆಯಾದ ಮೇಲೆ ಅದು ನಡೆಯುವುದೇ ಇಲ್ಲ. ಅವತ್ತೇ ಮೊಬೈಲಿನಲ್ಲಿ ಹೆಂಡತಿ, ಮಕ್ಕಳ ಹೆಸರು ಹಾಕಿಸಿದೆವು. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತ ವಿಮೆ ಮಾಡಿಸಿದರು. ಎರಡೂ ಎರಡೆರಡು ಲಕ್ಷದ್ದು. ದೊಡ್ಡ ಮೊತ್ತವಲ್ಲ, ಆದರೆ ಈ ಸಂಬಳದಲ್ಲಿ ತಪ್ಪದೆ ಕಟ್ಟಬಹುದಾದದ್ದು.

ಫೆಬ್ರವರಿ

ಅಕ್ಟೋಬರ್‌ನಲ್ಲಿ ಬೋನಸ್ 14,000 ಬಂತು. ಹಬ್ಬ, ಬೈಕಿನ ಇನ್ಶೂರೆನ್ಸ್, ಮುಯ್ಯಿ ಎಲ್ಲಾ ಆ ಎರಡನೇ ಖಾತೆಯಿಂದಲೇ ಹೋಗಿ 2025ರ ಜನವರಿ ಕೊನೆಗೆ ಅಲ್ಲಿ 18,000 ಉಳಿದಿತ್ತು. ಅದೇ ತಿಂಗಳು ಗುಂಪಿನ ಸಾಲವೂ ತೀರಿತು. ತೀರಿದ ವಾರವೇ ಮತ್ತೊಂದು ಸಾಲ ತಗೊಳ್ಳಿ ಅಂತ ಒತ್ತಾಯ. "ಎಲ್ರೂ ತಗೊಂತಿದ್ದಾರೆ, ನೀನೊಬ್ಳೇ ಬೇಡ ಅಂದ್ರೆ ಹೆಂಗೆ?" ಅಂತ ಗುಂಪಿನವರು. ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳದ ಸುದ್ದಿ ರಾಜ್ಯದಲ್ಲೆಲ್ಲಾ ಓಡಾಡುತ್ತಿದ್ದ ಸಮಯ ಅದು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಬೇಡ ಅನ್ನಲು ಆಕೆಗೆ ಅದೊಂದು ನೆಪ ಸಿಕ್ಕಿತು.

ಫೆಬ್ರವರಿ ಎರಡನೇ ವಾರ ಗಂಡ ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಸರ್ವಿಸ್ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದರು. ಮಣಿಕಟ್ಟಿಗೆ ಪೆಟ್ಟು. ಒಂಬತ್ತು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ರಜೆ ಬಾಕಿ ಇರಲಿಲ್ಲ. ಸಂಬಳದಲ್ಲಿ 7,960 ಕಟ್. ಎಕ್ಸ್‌ರೇ, ಪಟ್ಟಿ, ಔಷಧಿ 3,200. ಹಿಂದಿನ ವರ್ಷವಾಗಿದ್ದರೆ ಇಎಸ್‌ಐ ಇರುತ್ತಿತ್ತು. ಈ ವರ್ಷ ಇದ್ದದ್ದು ಆ ಖಾತೆ. 18,000 ಇಳಿದು 6,800 ಆಯಿತು. ಆದರೆ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಮುಂದಿನ ಎರಡು ತಿಂಗಳು ಓಟಿಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಗ್ಯಾಸ್ 50 ರೂಪಾಯಿ ಏರಿತು. ಹೇಗೋ ಕಟ್ಟುತ್ತಾ ಹೋಗಿ ಮೇ ಕೊನೆಗೆ ಖಾತೆಯಲ್ಲಿ 16,000.

ಸ್ಕೂಲಿನ ಜಗಳ

ಇಡೀ ವರ್ಷದಲ್ಲಿ ಮನೆಯಲ್ಲಿ ನಿಜವಾದ ಜಗಳ ಆದದ್ದು ಇದಕ್ಕೇ. ಮಗ ಒಂದನೇ ಕ್ಲಾಸಿಗೆ ಬಂದಿದ್ದ. ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವ ನಿಯಮ ಇತ್ತು. ಇವನಿಗೆ ಐದು ವರ್ಷ ಎಂಟು ತಿಂಗಳು. ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿ ಯುಕೆಜಿ ಮುಗಿದಿದ್ದರೆ ಸಾಕು ಅಂತ ಸರ್ಕಾರ ಸಡಿಲಿಸಿದ್ದರಿಂದ ಸೀಟು ಸಿಗುವಂತಾಯಿತು. ಖಾಸಗಿ ಸ್ಕೂಲಿನಲ್ಲಿ ಒಂದನೇ ಕ್ಲಾಸಿಗೆ 20,000 ಕೇಳಿದರು, ಮಗಳ ಫೀಸನ್ನೂ 24,000ಕ್ಕೆ ಏರಿಸಿದರು. ಹತ್ತಿರದಲ್ಲೇ ಒಂದು ಸರ್ಕಾರಿ ಶಾಲೆ, ಅದರಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವಿದೆ.

ಮಗನನ್ನು ಅಲ್ಲಿಗೆ ಹಾಕೋಣ ಅಂದದ್ದು ಹೆಂಡತಿ. ಗಂಡನಿಗೆ ಅವಮಾನ ಆದಂತಾಯಿತು, ಸೂಪರ್‌ವೈಸರ್ ಮಗ ಸರ್ಕಾರಿ ಶಾಲೆಗೆ ಅಂತ. ಅತ್ತೆಯದು ಬೇರೆ ತಕರಾರು. "ಗಂಡು ಹುಡುಗನ್ನ ಸರ್ಕಾರಿ ಸ್ಕೂಲಿಗೆ ದಬ್ಬಿ ಹೆಣ್ಣು ಹುಡುಗೀನ ದುಡ್ಡು ಸುರಿದು ಓದಿಸ್ತೀರಾ?" ಅದಕ್ಕೆ ಸೊಸೆ, "ಅವಳು ನಾಲ್ಕನೇ ಕ್ಲಾಸಿಗೆ ಬಂದವ್ಳೆ ಅತ್ತೆ, ನಡುವೆ ಎಬ್ಬಿಸ್ಬಾರ್ದು. ಇವನು ಈಗಿನ್ನೂ ಶುರು," ಅಂದರಂತೆ. ಸಾಮಾನ್ಯವಾಗಿ ಕೈ ಬಿಗಿಯಾದಾಗ ಮೊದಲು ಸ್ಕೂಲು ಬದಲಾಗುವುದು ಮಗಳದ್ದು. ಇಲ್ಲಿ ತಿರುಗುಮುರುಗಾಯಿತು, ನನಗಂತೂ ಖುಷಿಯಾಯಿತು.

ಗಂಡ ಒಂದು ಬೆಳಗ್ಗೆ ಸುಮ್ನೆ ಹೋಗಿ ಶಾಲೆ ನೋಡಿ ಬಂದರು. ಒಂದನೇ ಕ್ಲಾಸಿನ ಟೀಚರ್ ಎದ್ದು ಬಂದು ಮಾತಾಡಿಸಿದ್ದು, ಬಿಸಿಯೂಟದ ಜೊತೆ ಹಾಲು, ಮೊಟ್ಟೆ ಕೊಡುವುದು ನೋಡಿ ಸ್ವಲ್ಪ ಮೆತ್ತಗಾದರು. ಪುಸ್ತಕ, ಯೂನಿಫಾರಂ ಸರ್ಕಾರದ್ದೇ. ಮಗ ಸೇರಿದ. ಮಗಳ ಫೀಸಿಗೆ ಎರಡು ಕಂತು ಕೇಳಿದರು, ಸ್ಕೂಲಿನವರು ಒಪ್ಪಿದರು. ಜೂನ್‌ನಲ್ಲಿ 12,000, ಉಳಿದದ್ದು ಅಕ್ಟೋಬರ್‌ನ ಬೋನಸ್‌ನಲ್ಲಿ. ಪುಸ್ತಕ, ಶೂಗೆ 4,000. ಖಾತೆ ಸೊನ್ನೆ. ಆದರೆ ಆ ಜೂನ್‌ನಲ್ಲಿ ಹೊಸ ಸಾಲ ಆಗಲಿಲ್ಲ.

ಈಗ ಎಲ್ಲಿದ್ದಾರೆ

2025ರ ಏಪ್ರಿಲ್‌ನಲ್ಲಿ ಸಂಬಳ ಇನ್ನೊಂದು ಸಾವಿರ ಏರಿತು, ಬಾಡಿಗೆ 300 ಏರಿತು. ಗುಂಪಿನ ಕಂತು ಇಲ್ಲದ್ದರಿಂದ ಓಟಿ ಸೇರಿ ತಿಂಗಳಿಗೆ 4,600ರ ಹತ್ತಿರ ಎರಡನೇ ಖಾತೆಗೆ ಹೋಗುತ್ತಿದೆ. ಒಡವೆ ಸಾಲದ ಮೊದಲ ವರ್ಷದ ಬಡ್ಡಿ ಜೂನ್, ಜುಲೈನ ಉಳಿಕೆಯಲ್ಲೇ ತೀರಿತು. ಮುಂದಿನ ವರ್ಷದ ಅಂದಾಜು ಹಾಕಿದರೆ ಬೋನಸ್ ಸೇರಿ ಬರುವುದು 69,200, ವರ್ಷದ ಖರ್ಚು 68,200. ಸರಿಸಮ ಅನ್ನಬಹುದು. ಓಟಿ ನಿಂತರೆ ಅದೂ ಇಲ್ಲ.

ಅಸಲು 97,000 ಹಾಗೇ ಇದೆ. ಇದಕ್ಕೆ ಸಂಬಳದಲ್ಲಿ ಜಾಗವಿಲ್ಲ. ಹೆಂಡತಿ ಕಳೆದ ಚಳಿಗಾಲದಿಂದ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಿದ್ದಾರೆ. ಮದುವೆ ಸೀಸನ್ನಿನಲ್ಲಿ ತಿಂಗಳಿಗೆ 1,500 ಆಗುತ್ತದೆ, ಆಷಾಢದಲ್ಲಿ ಏನೂ ಇಲ್ಲ. ಅದನ್ನು ಮನೆ ಖರ್ಚಿಗೆ ಹಾಕದೆ ಕೂಡಿಟ್ಟು, ಆದಾಗಲೆಲ್ಲಾ ಒಡವೆ ಸಾಲದ ಅಸಲಿಗೆ ಕಟ್ಟುತ್ತಾರಂತೆ. ಬ್ಯಾಂಕಿನವರು ಭಾಗಶಃ ತೆಗೆದುಕೊಳ್ಳುತ್ತಾರೆ.

ಗಂಡನಿಗೆ ಆ ದುಡ್ಡಿನಲ್ಲಿ ಮಗಳಿಗೆ ಸುಕನ್ಯಾ ಸಮೃದ್ಧಿ ಮಾಡಬೇಕು ಅಂತ ಆಸೆ. ಅದಕ್ಕೆ 2025ರಲ್ಲಿ ಶೇಕಡ 8.2 ಬಡ್ಡಿ. ಒಡವೆಗೆ ಇವರು ಕಟ್ಟುತ್ತಿರುವುದು 9. ಮೊದಲು ಒಡವೆ ಅಂತ ನನ್ನ ಸಲಹೆ. ಆದರೆ ಖಾತೆ ತೆರೆಯುವುದು ಹತ್ತು ವರ್ಷ ತುಂಬುವ ಮೊದಲು ಆಗಬೇಕು, ಮಗಳಿಗೆ ನವೆಂಬರ್‌ಗೆ ಹತ್ತು. ಅದಕ್ಕೆ ಅಂಚೆ ಕಚೇರಿಗೆ ಹೋಗಿ 250 ರೂಪಾಯಿ ಕಟ್ಟಿ ತೆರೆದಿಟ್ಟರು. ವರ್ಷಕ್ಕೆ ಅಷ್ಟೇ ಕಟ್ಟಿದರೂ ಖಾತೆ ಉಳಿಯುತ್ತದೆ.